ತಿಪ್ಪಗೊಂಡನಹಳ್ಳಿ: ಕುಡಿಯುವವರು ಕೈಬಿಟ್ಟ ನೀರು

ನೆಲಮಂಗಲ ತಾಲ್ಲೂಕಿನ ಒಂದು ಊರಿನಾಚೆ, ಹೊಸದಾಗಿ ಎದ್ದ ಬಡಾವಣೆಯ ಕಮಾನಿನೊಳಗೆ ಗ್ರಾಮನಕ್ಷೆ ಬಿಡಿಸಿಕೊಂಡು ನಿಂತಿದ್ದೆ. ನಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಹಳ್ಳವೊಂದು ಅಂಕುಡೊಂಕಾಗಿ ಬಂದು ಊರ ಕೆರೆ ಸೇರುತ್ತದೆ. ಕಣ್ಣೆದುರು ಇದ್ದದ್ದು ಹಳದಿ ಬಳಿದ ಸೈಟುಗಲ್ಲು, ಗಾಳಿಗೆ ಪಟಪಟ ಎನ್ನುವ ಪ್ಲಾಸ್ಟಿಕ್ ಬಾವುಟ, ಜಲ್ಲಿ ಹಾಸಿದ ಮೂವತ್ತಡಿ ರಸ್ತೆ. ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಸೈಟ್ ನೋಡಾಕ್ ಬಂದ್ರಾ ಸ್ವಾಮಿ?"

"ಇಲ್ಲ ಯಜಮಾನ್ರೇ. ಇಲ್ಲೊಂದು ಹಳ್ಳ ಇರಬೇಕಲ್ಲ, ಅದನ್ನ ಹುಡುಕ್ತಿದೀನಿ."

"ಅದ್ರ ಮ್ಯಾಲೇ ನಿಂತಿದೀರಲ್ಲ!"

ಹೌದಾಗಿತ್ತು. ಬಡಾವಣೆಯ ಉಳಿದ ರಸ್ತೆಗಳೆಲ್ಲ ದಾರ ಹಿಡಿದಂತೆ ನೇರ. ನಾನು ನಿಂತಿದ್ದ ರಸ್ತೆಯೊಂದೇ ನಡುವೆ ಕಾರಣವಿಲ್ಲದೆ ಸೊಂಟ ತಿರುಗಿಸಿತ್ತು. ನಕ್ಷೆಯನ್ನು ಅದರ ಪಕ್ಕ ಹಿಡಿದರೆ ಹಳ್ಳದ ತಿರುವೂ ರಸ್ತೆಯ ತಿರುವೂ ಒಂದೇ.

ಆ ಹಳ್ಳ ಸೇರಬೇಕಾದದ್ದು ಕೆರೆಗೆ, ಕೆರೆಯ ಕೋಡಿ ಮುಂದಿನ ಕೆರೆಗೆ, ಅದರ ಕೋಡಿ ಕುಮುದ್ವತಿಗೆ, ಕುಮುದ್ವತಿ ಅರ್ಕಾವತಿ ನದಿಯ ಮೇಲಿನ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ. ಬೆಂಗಳೂರು ಕುಡಿಯುತ್ತಿದ್ದ ನೀರು ಹೀಗೆ ಬರುತ್ತಿತ್ತು. ಮನೆ ಕಟ್ಟುವ ಆತುರವೂ ನೀರು ಉಳಿಸುವ ಆಜ್ಞೆಯೂ ಒಂದೇ ನೆಲದ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಗುದ್ದಾಡಿದ ಪ್ರಕರಣ ನಮ್ಮ ರಾಜ್ಯದಲ್ಲಿ ಇದರಷ್ಟು ಚೆನ್ನಾಗಿ ದಾಖಲಾದದ್ದು ಮತ್ತೊಂದಿಲ್ಲ. ಆದರೂ ಬೆಂಗಳೂರಿನ ಅರ್ಧಕ್ಕರ್ಧ ಜನಕ್ಕೆ ಅರ್ಕಾವತಿ ಅಂದರೆ ನದಿಯಲ್ಲ, ಬಿಡಿಎ ಬಡಾವಣೆ. ತಮಾಷೆ ಏನೆಂದರೆ, ಥಣಿಸಂದ್ರ, ಜಕ್ಕೂರು, ಹೆಣ್ಣೂರು ಕಡೆಯ ಆ ಬಡಾವಣೆಯಲ್ಲಿ ಬಿದ್ದ ಮಳೆ ಅರ್ಕಾವತಿಗೆ ಹೋಗುವುದೇ ಇಲ್ಲ. ಅದು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿ ಸೇರುತ್ತದೆ.

ನದಿ, ಕೆರೆ, ಅಣೆಕಟ್ಟು

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ದೊಡ್ಡಬಳ್ಳಾಪುರದ ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತ ಹೆಸರಘಟ್ಟಕ್ಕೆ ಬಂದು, ತಿಪ್ಪಗೊಂಡನಹಳ್ಳಿಯಲ್ಲಿ ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರ ಹಾಯ್ದು ಮೇಕೆದಾಟಿನ ಬಳಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ದೊಡ್ಡ ನದಿಯೇನಲ್ಲ. ಮಳೆಗಾಲದಲ್ಲಿ ಮೈತುಂಬಿ, ಬೇಸಿಗೆಯಲ್ಲಿ ಮರಳಿನಡಿ ಜಿನುಗುವ ಬಯಲುಸೀಮೆ ಹೊಳೆ. ಆದರೂ 1896ರಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಇದರ ಮೇಲಿನ ಹೆಸರಘಟ್ಟ ಕೆರೆಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕೆಲಸ ಅದು. ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿ ಕಡೆಗೆ ಹರಿದು ಬಂದ ನೀರನ್ನು ಹಬೆಯಂತ್ರದಲ್ಲಿ ಮೇಲಕ್ಕೆತ್ತಿ ಊರಿಗೆ ಬಿಡುತ್ತಿದ್ದರು.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದಾಗ ಊರಿಗೆ ದಿಗಿಲು ಹಿಡಿಯಿತು. ಅದರ ಫಲವೇ ಎರಡು ಹೊಳೆ ಕೂಡುವ ಜಾಗದಲ್ಲಿ ಕಟ್ಟಿ 1933ರಲ್ಲಿ ನೀರು ಕೊಡಲು ಶುರುಮಾಡಿದ ಚಾಮರಾಜಸಾಗರ, ಅಂದರೆ ಇವತ್ತಿನ ತಿಪ್ಪಗೊಂಡನಹಳ್ಳಿ (ಟಿ.ಜಿ. ಹಳ್ಳಿ) ಜಲಾಶಯ. ಪೂರ್ಣಮಟ್ಟ 74 ಅಡಿ, ಸಂಗ್ರಹ 3 ಟಿಎಂಸಿಯ ಆಸುಪಾಸು, ನೀರು ಬಸಿದು ಬರುವ ಪ್ರದೇಶ ಸುಮಾರು 1,450 ಚದರ ಕಿ.ಮೀ. ಈ ಕೊನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಡೀ ಕತೆ ತಿರುಗುವುದು ಅದರ ಸುತ್ತ.

1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬರುವ ತನಕ ಬೆಂಗಳೂರಿನ ಕೊಳಾಯಿಗೆ ಅರ್ಕಾವತಿಯೇ ಗತಿ. ಆ ತಲೆಮಾರಿನವರಿಗೆ ಜಲಾಶಯದ ಮಟ್ಟ ಎಷ್ಟು ಅಡಿ ಎಂಬುದು ಪೇಪರಿನಲ್ಲಿ ಓದಿ ಮನೆಯಲ್ಲಿ ಚರ್ಚಿಸುವ ಸುದ್ದಿಯಾಗಿತ್ತು.

ಹೊಳೆ ಬತ್ತಿದ್ದು ಕೆಳಗಿನಿಂದ

1980ರ ದಶಕದ ಹೊತ್ತಿಗೆ ಜಲಾಶಯಕ್ಕೆ ಬರುವ ನೀರು ಕಡಿಮೆಯಾಗತೊಡಗಿತು. ಮಳೆ ಕಮ್ಮಿಯಾಗಿದೆ ಎಂದು ಎಲ್ಲರೂ ಅಂದುಕೊಂಡರು. ಸುಲಭದ ಉತ್ತರ, ಯಾರ ಮೇಲೂ ತಪ್ಪು ಬರುವುದಿಲ್ಲ. ಪರಿಸರ ಅಧ್ಯಯನ ನಡೆಸುವ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಪ್ರಶ್ನೆಯನ್ನೇ ಹಿಡಿದು, ಮಳೆ, ತಾಪಮಾನ, ಅಂತರ್ಜಲ, ನೀಲಗಿರಿ ತೋಪು, ಚೆಕ್‌ಡ್ಯಾಂ ಎಂದು ಒಂದೊಂದೇ ಶಂಕಿತನನ್ನು ಪರೀಕ್ಷಿಸಿ 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಒಳಹರಿವು 1970ರ ದಶಕಕ್ಕಿಂತ ಮುಂಚೆ ಇದ್ದುದರ ಕಾಲುಭಾಗಕ್ಕೂ ಕಡಿಮೆಯಾಗಿದೆ. ಮಳೆಯಲ್ಲಿ ಮಾತ್ರ ಅದಕ್ಕೆ ತಕ್ಕ ಇಳಿಕೆ ಕಾಣಲಿಲ್ಲ. ಬಿಸಿಲೇರಿದ್ದೂ ಇಷ್ಟು ದೊಡ್ಡ ಇಳಿಕೆಗೆ ಸಾಕಾಗದು. ಬಲವಾದ ಅನುಮಾನ ಬಿದ್ದದ್ದು ಕೊಳವೆಬಾವಿಗಳ ಮೇಲೆ, ನೀಲಗಿರಿಯ ಮೇಲೆ, ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡುಗಳ ಮೇಲೆ.

ಇದರ ಒಳಮರ್ಮ ಊರಿನವರಿಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಮೂವತ್ತು, ನಲವತ್ತು ಅಡಿ ಬಾವಿಗೆ ಕಪಿಲೆ ಕಟ್ಟಿ ನೀರೆತ್ತುತ್ತಿದ್ದರು. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳದಲ್ಲಿ ನೀರಾಡುತ್ತಿದ್ದರೆ ಅದು ಮೇಲಿನಿಂದ ಬಂದ ನೀರಲ್ಲ, ನೆಲದೊಳಗಿಂದ ಜಿನುಗಿದ್ದು. ಬೋರು ಕೊರೆದು ನೀರಿನ ಮಟ್ಟ ನೂರು, ಮುನ್ನೂರು, ಆಮೇಲೆ ಸಾವಿರ ಅಡಿ ಇಳಿದ ಮೇಲೆ ನೆಲ ಹಳ್ಳಕ್ಕೆ ಕೊಡುವುದು ನಿಂತಿತು, ತಿರುಗಿ ಹಳ್ಳದಿಂದಲೇ ಹೀರಲು ತೊಡಗಿತು. ಮೊದಲ ಎರಡು ಹದ ಮಳೆ ಬಿದ್ದರೆ ಈಗ ಹಳ್ಳ ಹರಿಯುವುದಿಲ್ಲ, ಭೂಮಿಯ ಬಾಯಾರಿಕೆಯೇ ತೀರಿರುವುದಿಲ್ಲ. ನೀಲಗಿರಿಯನ್ನು ಸರ್ಕಾರವೇ ಒಂದು ಕಾಲದಲ್ಲಿ ಹುರಿದುಂಬಿಸಿ ನೆಡಿಸಿ, 2017ರಲ್ಲಿ ಹೊಸದಾಗಿ ನೆಡಕೂಡದು ಎಂದು ನಿಷೇಧಿಸಿತು. ಅಷ್ಟರಲ್ಲಿ ರಾಗಿ ಹೊಲ ಮಾಡಲು ಆಳು ಸಿಗದೆ ನೀಲಗಿರಿ ಹಾಕಿದ್ದ ಎಷ್ಟೋ ಜಮೀನು ಸೈಟಾಗಲು ತಯಾರಾಗಿ ನಿಂತಿತ್ತು.

ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ: ಅರ್ಕಾವತಿಯನ್ನು ಬತ್ತಿಸಿದ್ದು ಬಡಾವಣೆಗಳಲ್ಲ. ಬಡಾವಣೆಗಳು ಬಂದದ್ದು ಆಮೇಲೆ. ಬತ್ತಿದ ಹೊಳೆ ಮತ್ತೆ ಹರಿಯದಂತೆ ನೋಡಿಕೊಂಡದ್ದು ಅವು.

2003ರ ಆದೇಶ

ಬೆಂಗಳೂರು ಪಶ್ಚಿಮಕ್ಕೆ, ಉತ್ತರಕ್ಕೆ ಚಾಚಿಕೊಳ್ಳುತ್ತ ತುಮಕೂರು ರಸ್ತೆ, ಮಾಗಡಿ ರಸ್ತೆ, ದೊಡ್ಡಬಳ್ಳಾಪುರ ರಸ್ತೆಗಳ ಇಕ್ಕೆಲ ಕಾರ್ಖಾನೆ, ಗೋದಾಮು, ಲೇಔಟುಗಳಾದಾಗ ಸರ್ಕಾರ ಎಚ್ಚೆತ್ತುಕೊಂಡಿತು. ಇಸ್ರೋ ನಡೆಸಿದ ಅಧ್ಯಯನದ ಬೆನ್ನಿಗೆ 2003ರ ನವೆಂಬರ್ 18ರಂದು ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಇಲಾಖೆಯ ಅಧಿಸೂಚನೆ ಹೊರಬಿತ್ತು. ಇಡೀ ಜಲಾನಯನ ಪ್ರದೇಶವನ್ನು ನಾಲ್ಕು ವಲಯ ಮಾಡಿದರು. ಜಲಾಶಯದ ಸುತ್ತ 2 ಕಿ.ಮೀ., ನದಿಗಳ ಎರಡೂ ದಡದಿಂದ 1 ಕಿ.ಮೀ. ಪಟ್ಟಿಯಲ್ಲಿ ಬಿಗಿ ನಿಯಮ, ಮಾಲಿನ್ಯದ ಉದ್ದಿಮೆಗೂ ಎತ್ತರದ ಕಟ್ಟಡಕ್ಕೂ ತಡೆ. ಅದರಾಚೆಗಿನ ವಿಶಾಲ ಪ್ರದೇಶಕ್ಕೆ ಮಳೆನೀರು ಕೊಯ್ಲಿನಂಥ ಸಡಿಲ ಷರತ್ತು.

ಕಾಗದದ ಮೇಲೆ ಇದು ನಮ್ಮಲ್ಲಿ ಅಪರೂಪದ ಆದೇಶ. ಊರಿಗೆ ನೀರು ಎಲ್ಲಿಂದ ಬರುತ್ತದೆಂದು ನೋಡಿ, ಆ ನೆಲಕ್ಕೆ ಬೇರೆ ಕಾನೂನು ಬರೆಯುವ ವಿವೇಕ ಎಲ್ಲ ಸರ್ಕಾರಗಳಿಗೂ ಬರುವುದಿಲ್ಲ. ಆದರೆ ಬಿಗಿಯೆಲ್ಲ ಹೊಳೆಯ ಅಂಚಿನಲ್ಲಿ. ನೀರು ಹುಟ್ಟುವುದು ಅಂಚಿನಲ್ಲಲ್ಲ, 1,450 ಚದರ ಕಿ.ಮೀ. ಮೈಯಲ್ಲಿ, ಹೆಸರಿಲ್ಲದ ಸಾವಿರಾರು ಹಳ್ಳ, ಕುಂಟೆ, ಕಟ್ಟೆಗಳಲ್ಲಿ. ನಾನು ನಿಂತಿದ್ದ ಬಡಾವಣೆ ಕುಮುದ್ವತಿಯಿಂದ ನಾಲ್ಕು ಕಿ.ಮೀ. ದೂರ. ಬಿಗಿ ಪಟ್ಟಿಯ ಹೊರಗೆ. ಹೊಳೆಯ ಗಂಟಲಿಗೆ ಕಾವಲು ಹಾಕಿ ಹೊಟ್ಟೆಯನ್ನು ಬಿಟ್ಟ ಹಾಗೆ.

ಇನ್ನೊಂದು ತೊಡಕು ಹಣದ್ದು. ಪಟ್ಟಿಯೊಳಗೆ ಎರಡು ಎಕರೆ ಇರುವವನ ಜಮೀನಿನ ಬೆಲೆ ಕುಸಿಯಿತು, ಪಟ್ಟಿಯ ಹೊರಗೆ ಬೇಲಿಯಾಚೆ ಇರುವವನ ಎಕರೆ ಕೋಟಿ ದಾಟಿತು. ನಗರ ನೀರು ಕುಡಿಯುವುದಕ್ಕಾಗಿ ನಷ್ಟ ತಿಂದವನಿಗೆ ನಗರ ಒಂದು ರೂಪಾಯಿಯನ್ನೂ ಕೊಡಲಿಲ್ಲ. "ಬೆಂಗ್ಳೂರ್ನೋರು ಹತ್ತಂತಸ್ತು ಕಟ್ಕೊಬೋದು, ನಮ್ಮ ಮಗ ಮನೆ ಮೇಲೊಂದು ಮನೆ ಕಟ್ಟಂಗಿಲ್ಲ" ಎಂಬ ಮಾತನ್ನು ಆ ಕಡೆ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಪರಿಸರದ ಪರ ಇರುವ ನಮ್ಮಂಥವರು ಇದಕ್ಕೆ ಉತ್ತರ ಕೊಡದೆ ಮುಂದೆ ಹೋದದ್ದೇ ದೊಡ್ಡ ತಪ್ಪು. ನಿಯಮ ಸಡಿಲಿಸಿ ಎಂದು ರಿಯಲ್ ಎಸ್ಟೇಟಿನವರು ಕೇಳಿದಾಗ ಅವರ ಮುಂದೆ ನಿಂತು ಕೂಗಲು ಸಾಚಾ ರೈತರೇ ಸಿಕ್ಕರು. ಆ ನಂತರದ ವರ್ಷಗಳಲ್ಲಿ ಪಟ್ಟಿಯನ್ನು ಕಿರಿದು ಮಾಡುವ ಒತ್ತಡ ನಿಲ್ಲಲೇ ಇಲ್ಲ.

ಒಂದು ಎಕರೆಯ ಲೆಕ್ಕ

ಬಡಾವಣೆ ಆಗುವ ಬಗೆ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಕ್ರಮವಾದ ದಾರಿ ಇದೆ: ಭೂ ಕಂದಾಯ ಕಾಯಿದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ, ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಮಂಜೂರಾತಿ, ರಸ್ತೆ ಮತ್ತು ಪಾರ್ಕಿನ ಜಾಗ ಬಿಟ್ಟುಕೊಡುವುದು. ಅಕ್ರಮದ ದಾರಿ ಇನ್ನೂ ಸಲೀಸು: ಪಹಣಿಯಲ್ಲಿ ಹೊಲ, ನೆಲದ ಮೇಲೆ ಸೈಟು, ಕೈಯಲ್ಲೊಂದು ಪಂಚಾಯ್ತಿ ಕಾಗದ. ರೆವಿನ್ಯೂ ಸೈಟು ಎಂದು ಕರೆಯುವುದು ಇದನ್ನೇ. ಬೆಂಗಳೂರಿನಲ್ಲಿ ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು ಚೀಟಿ ಹಾಕಿ ಉಳಿಸಿದ ದುಡ್ಡಿಗೆ ಸಿಗುವುದು ಇದೊಂದೇ. ಅವರನ್ನು ಬೈಯುವುದು ಸುಲಭ. ಅವರಿಗೆ ಕೈಗೆಟಕುವ ಸೈಟನ್ನು ಊರೊಳಗೆ ಯಾರು ಕೊಟ್ಟರು? 2020ರಲ್ಲಿ ಭೂ ಸುಧಾರಣಾ ಕಾಯಿದೆಯ 79ಎ, 79ಬಿ ಕಲಮು ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದಾಯಿತು. ಹತ್ತು ಗುಂಟೆ, ಐದು ಗುಂಟೆಯ "ಫಾರ್ಮ್ ಪ್ಲಾಟ್" ಎಂಬ ಹೊಸ ತಳಿ ಹುಟ್ಟಿತು.

ನೀರಿನ ದೃಷ್ಟಿಯಿಂದ ಸಕ್ರಮ, ಅಕ್ರಮ ಎರಡೂ ಹೆಚ್ಚುಕಡಿಮೆ ಒಂದೇ. ಒಂದು ಎಕರೆ ತೆಗೆದುಕೊಳ್ಳಿ, 43,560 ಚದರಡಿ. ರಸ್ತೆ, ಪಾರ್ಕಿಗೆ ಬಿಟ್ಟು ನೂರಕ್ಕೆ ಐವತ್ತೈದು ಪಾಲು ಮಾರಾಟಕ್ಕೆ ಉಳಿದರೆ 30×40ರ ಇಪ್ಪತ್ತು ಸೈಟು. ಮನೆಗೆ ನಾಲ್ಕೂವರೆ ಜನ ಎಂದರೆ 90 ಮಂದಿ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾಪನ ಹಿಡಿದರೆ ದಿನಕ್ಕೆ ಸುಮಾರು 12,000 ಲೀಟರ್, ಅಂದರೆ 6,000 ಲೀಟರಿನ ಎರಡು ಟ್ಯಾಂಕರು. ವರ್ಷಕ್ಕೆ 44 ಲಕ್ಷ ಲೀಟರ್.

ಅದೇ ಎಕರೆಯ ಮೇಲೆ ವರ್ಷಕ್ಕೆ 800 ಮಿ.ಮೀ. ಮಳೆ ಬಿತ್ತೆನ್ನಿ. ಒಟ್ಟು 32 ಲಕ್ಷ ಲೀಟರ್. ಬಿದ್ದ ಮಳೆಯ ಕೊನೆಯ ಹನಿಯನ್ನೂ ಬಿಡದೆ ಹಿಡಿದರೂ ಆ ಎಕರೆಯ ಮನೆಗಳಿಗೆ ಸಾಲದು. ನಮ್ಮ ಗಟ್ಟಿಕಲ್ಲಿನ ಸೀಮೆಯಲ್ಲಿ ಮಳೆಯ ಹತ್ತರಲ್ಲೊಂದು ಪಾಲು ಅಂತರ್ಜಲಕ್ಕೆ ಇಳಿದರೆ ಹೆಚ್ಚು, ಅಂದರೆ ಮೂರು ಲಕ್ಷ ಚಿಲ್ಲರೆ ಲೀಟರ್. ಕಾಂಕ್ರೀಟು ಬಿದ್ದ ಮೇಲೆ ಅದೂ ಕಷ್ಟ. ಉಳಿದದ್ದು ಅಕ್ಕಪಕ್ಕದ ಹೊಲದಡಿಯಿಂದ, ಕೆರೆಯಡಿಯಿಂದ, ಹಳ್ಳದಡಿಯಿಂದ ಬರಬೇಕು. ಮನೆ ಮೇಲೆ ಬಾಡಿಗೆ ಮನೆ ಎದ್ದ ದಿನ ಲೆಕ್ಕ ಇಮ್ಮಡಿ.

ಬೋರಿನ ನೀರಿನಲ್ಲಿ ಎರಡು ಬೆಳೆ ತರಕಾರಿ ತೆಗೆಯುವ ಎಕರೆಯೂ ಸರಿಸುಮಾರು ಇಷ್ಟೇ ನೀರು ಎಳೆಯುತ್ತದೆ ಎಂದು ಲೇಔಟಿನವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ರೈತ ಟೊಮೆಟೊ ಬಿಟ್ಟು ರಾಗಿ ಚೆಲ್ಲಬಹುದು, ಬೋರು ಬತ್ತಿದರೆ ಹೊಲ ಬೀಳು ಬಿಡಬಹುದು. ಮನೆಯನ್ನು ಬೀಳು ಬಿಡುವುದು ಹೇಗೆ?

ಮಳೆನೀರು ಕೊಯ್ಲು ಎಲ್ಲಕ್ಕೂ ಮದ್ದು ಎನ್ನುವವರಿಗೂ ಒಂದು ಲೆಕ್ಕ. ಎಂಟುನೂರು ಚದರಡಿ ತಾರಸಿಯಿಂದ ವರ್ಷಕ್ಕೆ ಸುಮಾರು 47,000 ಲೀಟರ್ ಹಿಡಿಯಬಹುದು. ಇಪ್ಪತ್ತು ಮನೆಗೆ ಒಂಬತ್ತೂವರೆ ಲಕ್ಷ. ಬೇಕಾದ ನೀರಿನ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಕಡಿಮೆಯೇನಲ್ಲ, ಕಡ್ಡಾಯವಾಗಿ ಆಗಲೇಬೇಕು. ಆದರೆ ಅದೊಂದನ್ನು ತೋರಿಸಿ ಮಂಜೂರಾತಿ ಕೊಡುವುದು ಕಣ್ಣೊರೆಸುವ ಕೆಲಸ.

ಇನ್ನು ಹೊರಹೋಗುವ ನೀರು. ಬಳಸಿದ್ದರಲ್ಲಿ ಹತ್ತಕ್ಕೆ ಎಂಟು ಪಾಲು ಕೊಳಚೆಯಾಗುತ್ತದೆ, ಎಕರೆಗೆ ದಿನಕ್ಕೆ ಹತ್ತಿರಹತ್ತಿರ 10,000 ಲೀಟರ್. ಒಳಚರಂಡಿ ಇಲ್ಲ. ಮನೆಯೆದುರು ಸಿಮೆಂಟು ರಿಂಗು ಇಳಿಸಿದ ಪಿಟ್ಟು. ಅದು ತುಂಬಿದರೆ ಸಕ್ಕಿಂಗ್ ಗಾಡಿ ಬರುತ್ತದೆ, ಕತ್ತಲಾದ ಮೇಲೆ ಯಾವುದೋ ಹಳ್ಳಕ್ಕೆ ಪೈಪು ಬಿಡುತ್ತದೆ. ಬಚ್ಚಲ ನೀರು ನೇರವಾಗಿ ಮೋರಿಗೆ. ಹೀಗೆ ಬತ್ತಿದ್ದ ಹಳ್ಳದಲ್ಲಿ ಮತ್ತೆ ವರ್ಷವಿಡೀ ನೀರು ಕಾಣಿಸಿಕೊಳ್ಳುತ್ತದೆ. ದೂರದಿಂದ ನೋಡಿದವರು ಹೊಳೆ ಬದುಕಿತು ಎಂದುಕೊಳ್ಳಬೇಕು, ಮೂಗು ಮುಚ್ಚಿಕೊಂಡರೆ. ದೊಡ್ಡಬಳ್ಳಾಪುರದ ಕೆಳಗಿನ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಪಟ್ಟಣದ ಕೊಳಚೆಯೂ ಕೈಗಾರಿಕಾ ಪ್ರದೇಶದ ನೀರೂ ಸೇರಿ, ಕುಡಿಯಲು ಶುದ್ಧ ನೀರು ಕೊಡಿ ಎಂದು ಆ ಊರಿನವರು ವರ್ಷಗಟ್ಟಲೆ ಬೀದಿಗಿಳಿದಿದ್ದಾರೆ. ಅರ್ಕಾವತಿಯ ತಲೆಯ ಮೇಲೇ ಇರುವ ಊರುಗಳು ಅವು.

ಕುಡಿಯುವುದು ನಿಂತ ಮೇಲೆ

2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರೆತ್ತುವುದನ್ನು ನಿಲ್ಲಿಸಿದರು. ಇದ್ದ ನೀರು ಕಡಿಮೆ, ಇದ್ದದ್ದೂ ಕೆಟ್ಟಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು 2003ರ ಆದೇಶವಲ್ಲ, ಈ ನಿಲುಗಡೆ.

ಅಲ್ಲಿಯ ತನಕ ಮೇಲಿನ ಊರಿನಲ್ಲಿ ಯಾರೋ ಕೆರೆಗೆ ವಿಷ ಬಿಟ್ಟರೆ ಅದು ಬೆಂಗಳೂರಿನ ಕೊಳಾಯಿಯಲ್ಲಿ ಬರಬಹುದು ಎಂಬ ಭಯವಿತ್ತು. ಜಲಮಂಡಳಿಗೆ ಕೂಗಾಡಲು ಒಂದು ಕಾರಣವಿತ್ತು. ಕೊಳಾಯಿ ಬೇರೆ ನದಿಗೆ ಜೋಡಿಸಿದ ಮೇಲೆ ಅರ್ಕಾವತಿಗೆ ಯಜಮಾನರೇ ಇಲ್ಲವಾದರು. ಕಾವೇರಿ ನೀರು ಸುಮಾರು ನೂರು ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಅರ್ಧ ಕಿ.ಮೀ.ನಷ್ಟು ಮೇಲೇರಿ ಬರುತ್ತದೆ. ಅದರ ಕರೆಂಟು ಬಿಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಐದನೇ ಹಂತದ 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್) ಬಂತು. ಪ್ರತಿ ಬಾರಿ ಹಿಗ್ಗಿದ್ದೇವೆ. ಅದೇ ವರ್ಷದ ಮಾರ್ಚಿನಲ್ಲಿ ಊರಿನ ಬೋರುಗಳು ಸಾಲುಸಾಲಾಗಿ ಬತ್ತಿ, ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿದ್ದನ್ನು ಅಷ್ಟೇ ಬೇಗ ಮರೆತಿದ್ದೇವೆ.

ಇದು ನಮ್ಮೊಬ್ಬರ ಕತೆಯಲ್ಲ. ಹೈದರಾಬಾದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೂ ಇಂಥವೇ. 1908ರ ಮೂಸಿ ಪ್ರವಾಹದ ನಂತರ ವಿಶ್ವೇಶ್ವರಯ್ಯನವರ ಸಲಹೆಯ ಮೇಲೆ ಎದ್ದ ಜಲಾಶಯಗಳು. ಅವುಗಳ ಕಾವಲಿಗೆ 1996ರಲ್ಲಿ ಬಂದ ಸರ್ಕಾರಿ ಆದೇಶ 111, ಹತ್ತು ಕಿ.ಮೀ. ವ್ಯಾಪ್ತಿಯಲ್ಲಿ 84 ಹಳ್ಳಿಗಳಿಗೆ ನಿರ್ಬಂಧ ಹಾಕಿತು. ಅದು ನಮ್ಮ ಆದೇಶಕ್ಕಿಂತ ಗಟ್ಟಿ, ಪಟ್ಟಿಯ ಬದಲು ಊರೂರನ್ನೇ ಹಿಡಿದದ್ದು. 2000ದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು ಕೂಡ. ಕೊನೆಗೇನಾಯಿತು? ಕೃಷ್ಣಾ, ಗೋದಾವರಿ ನೀರು ಪೈಪಿನಲ್ಲಿ ಬಂದ ಮೇಲೆ, ಈ ಕೆರೆಗಳ ನೀರು ಊರಿಗೆ ಬೇಕಿಲ್ಲ ಎಂಬ ವಾದ ಹೂಡಿ 2022ರಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧ ತೆಗೆಯಿತು. ಅಲ್ಲೂ ಕುಡಿಯುವ ಬಾಯಿ ಬೇರೆಡೆ ತಿರುಗಿತ್ತು.

ಕಾನೂನಿನ ಅಂಚಳತೆಯ ಮೇಲಿನ ಜಗಳ ಬೆಂಗಳೂರಿನಲ್ಲಿ ಎಷ್ಟು ದೂರ ಹೋಯಿತೆಂದರೆ, ಕೆರೆಯ ಸುತ್ತ 30 ಮೀಟರ್ ಬಿಡಬೇಕೋ 75 ಮೀಟರ್ ಬಿಡಬೇಕೋ ಎಂಬುದನ್ನು ಹಸಿರು ನ್ಯಾಯಮಂಡಳಿ 2016ರಲ್ಲಿ 75 ಎಂದು ಹೇಳಿ, ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ತಳ್ಳಿಹಾಕಿತು. ಮೂವತ್ತಾದರೂ ಆಗಲಿ, ಎಪ್ಪತ್ತೈದಾದರೂ ಆಗಲಿ, ಕೆರೆಗೆ ನೀರು ತರುವ ಹಳ್ಳವೇ ಇಲ್ಲದಿದ್ದರೆ ಆ ಮೀಟರಿನಿಂದ ಏನನ್ನು ಕಾಯುತ್ತೀರಿ?

2022ರ ಮಳೆ

ಹೊಳೆ ಸತ್ತಿದೆ ಎಂದು ಎಲ್ಲರೂ ಷರಾ ಬರೆದ ಮೇಲೆ 2022ರಲ್ಲಿ ಮಳೆ ಹಿಡಿದುಕೊಂಡಿತು. ಹಿಂದಿನ ವರ್ಷದ್ದೂ ಒಳ್ಳೆಯ ಮಳೆ, ನೆಲ ತಣಿದಿತ್ತು. ಕೆರೆಗಳು ಕೋಡಿ ಬಿದ್ದವು, ಮುಚ್ಚಿದ್ದ ಹಳ್ಳಗಳು ತಮ್ಮ ಜಾಗ ಹುಡುಕಿಕೊಂಡು ಬಡಾವಣೆಗಳ ಅಂಗಳಕ್ಕೆ ನುಗ್ಗಿದವು. ತಿಪ್ಪಗೊಂಡನಹಳ್ಳಿ ತುಂಬಿ ಗೇಟು ಎತ್ತಬೇಕಾಯಿತು. ಹತ್ತು ವರ್ಷದಿಂದ ಕೈಬಿಟ್ಟಿದ್ದ ಊರಿಗೆ ಆ ನೀರನ್ನು ಶುದ್ಧ ಮಾಡಿ ಕುಡಿಯುವ ಏರ್ಪಾಡು ಇರಲಿಲ್ಲ. ಕಣ್ಣೆದುರೇ ಹರಿದುಹೋಯಿತು.

ಈಗ ಜಲಾಶಯವನ್ನು ಮತ್ತೆ ಕುಡಿಯುವ ನೀರಿಗೆ ಅಣಿಗೊಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಅದಕ್ಕೆ ಕಾರಣವೂ ಅರ್ಕಾವತಿಯ ಮೇಲಿನ ಪ್ರೀತಿಯಲ್ಲ, ಪಶ್ಚಿಮಘಟ್ಟದಿಂದ ಎತ್ತಿನಹೊಳೆ ನೀರು ತಂದು ಇಲ್ಲಿ 1.7 ಟಿಎಂಸಿ ತುಂಬಿಸುವ ಯೋಜನೆ. ಸಕಲೇಶಪುರದಲ್ಲಿ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಕೊಟ್ಟರು. ತನ್ನ ಸ್ವಂತ 1,450 ಚದರ ಕಿ.ಮೀ. ಹಾಳುಬಿಟ್ಟ ಪಾತ್ರೆಗೆ ಘಟ್ಟದ ನೀರು ತಂದು ಸುರಿಯುವುದು.

ಇದರ ಜೊತೆಗೆ ಇನ್ನೊಂದು. ನಗರದ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಗೆ ಸೇರುವುದು ಜಲಾಶಯದ ಎಷ್ಟೋ ಕೆಳಗೆ, ಕನಕಪುರ ಕಡೆಯಲ್ಲಿ. ಇದೊಂದು ಪುಣ್ಯ ನಮ್ಮದಾಗಿತ್ತು. ಈಗ ವೃಷಭಾವತಿ ಕಣಿವೆಯ ನೀರನ್ನು ಸಂಸ್ಕರಿಸಿ ನೆಲಮಂಗಲ ಸುತ್ತಿನ ಕೆರೆಗಳಿಗೆ ಏರಿಸುವ ಯೋಜನೆ ನಡೆದಿದೆ. ಅಂತರ್ಜಲ ಏರುತ್ತದೆ, ರೈತರಿಗೆ ಅನುಕೂಲ, ನಿಜ. ಆದರೆ ಆ ಕೆರೆಗಳ ಕೋಡಿ ಎತ್ತ ಹರಿಯುತ್ತದೆ ಎಂದು ನಕ್ಷೆ ಹರವಿ ನೋಡಿದರೆ ಗಾಬರಿಯಾಗುತ್ತದೆ. ಸಂಸ್ಕರಣೆ ಎಷ್ಟು ಚೊಕ್ಕ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನನ್ನನ್ನು ಕೇಳಿದರೆ, ಮನೆ ಬೇಡ ಎನ್ನುವುದು ಆಗದ ಮಾತು. ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರಗಳಲ್ಲಿ ಮನೆ ಎದ್ದೇ ಏಳುತ್ತವೆ. ಭೂಪರಿವರ್ತನೆಯ ಕಡತದಲ್ಲಿ ಇವತ್ತು ರಸ್ತೆ ಎಷ್ಟಗಲ, ಹೈಟೆನ್ಷನ್ ತಂತಿ ಎಷ್ಟು ದೂರ ಎಂಬುದಕ್ಕೆಲ್ಲ ಕಾಲಂ ಇದೆ. ಇಷ್ಟು ಜನಕ್ಕೆ ನೀರು ಎಲ್ಲಿಂದ, ಬಚ್ಚಲ ನೀರು ಎಲ್ಲಿಗೆ, ಸರ್ವೆ ನಂಬರಿನೊಳಗೆ ಹಾದ ಹಳ್ಳ ಎಲ್ಲಿ ಎಂಬ ಮೂರಕ್ಕೆ ಲೆಕ್ಕ ಬರೆದು ತೋರಿಸದೆ ಸಹಿ ಬೀಳಬಾರದು. ಬೋರು ಎಂದು ಬರೆದರೆ ಅದು ಉತ್ತರವೆಂದು ಒಪ್ಪಬಾರದು. ನದಿಯ ಅಂಚಿನ ಪಟ್ಟಿ ಹಿಡಿದು ರೈತನನ್ನು ಗೋಳು ಹೊಯ್ದುಕೊಳ್ಳುವುದಕ್ಕಿಂತ, ಇಡೀ ಕೆರೆ ಸರಪಳಿಯ ಹಳ್ಳಗಳಿಗೆ ಕಲ್ಲು ನೆಟ್ಟು ಖರಾಬು ಜಾಗವನ್ನು ಖರಾಬಾಗಿಯೇ ಉಳಿಸುವುದು ಅಗ್ಗ, ನ್ಯಾಯ ಕೂಡ. ಪಟ್ಟಿಯೊಳಗೆ ಸಿಕ್ಕವನಿಗೆ ನಗರದ ನೀರಿನ ಬಿಲ್ಲಿನಿಂದಲೇ ವರ್ಷಕ್ಕಿಷ್ಟು ಎಂದು ಸಲ್ಲಬೇಕು. ಇದೆಲ್ಲಕ್ಕಿಂತ ಮೊದಲು ಬೆಂಗಳೂರು ಈ ನೀರನ್ನು ಮತ್ತೆ ಕುಡಿಯಬೇಕು, ಒಂದು ಬಡಾವಣೆಗಾಗುವಷ್ಟಾದರೂ ಸರಿ. ಕುಡಿಯುವವರಿದ್ದರೆ ಕಾಯುವವರು ತಾವೇ ಹುಟ್ಟಿಕೊಳ್ಳುತ್ತಾರೆ.

ಆ ಊರಿನ ಹಳ್ಳದ ವಿಷಯಕ್ಕೆ ನಾನೊಂದು ಅರ್ಜಿ ಕೊಟ್ಟಿದ್ದೆ: ಗ್ರಾಮನಕ್ಷೆಯಲ್ಲಿ ಕಾಣುವ ಹಳ್ಳವನ್ನು ಅಳತೆ ಮಾಡಿ ಗುರುತಿಸಿಕೊಡಿ ಎಂದು. ಏಳು ತಿಂಗಳ ಮೇಲೆ ಹಿಂಬರಹ ಬಂತು. ಸರ್ವೆಯರು ಸ್ಥಳಕ್ಕೆ ಹೋಗಿದ್ದರಂತೆ, ಮಹಜರು ಮಾಡಿದರಂತೆ, ಊರಿನ ಇಬ್ಬರು ಪಂಚರ ಸಹಿಯೂ ಇದೆ. ಕೊನೆಯ ಸಾಲು ಹೀಗಿದೆ: "ಸದರಿ ಹಳ್ಳವು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ. ಆದ್ದರಿಂದ ಅರ್ಜಿಯನ್ನು ವಿಲೇ ಮಾಡಲಾಗಿದೆ."